ಧೂಳು ದಾರಿಯ ಬೈಕಿಗೆ ಶುದ್ಧ ಉಸಿರು: ಏರ್ ಫಿಲ್ಟರ್ ಮನೆಯಲ್ಲೇ ಬದಲಿಸುವ ಬಗೆ

ಭಾನುವಾರದ ಮುಂಜಾನೆ ದಾಬಸ್‌ಪೇಟೆಯ ಬಳಿ ರಾಷ್ಟ್ರೀಯ ಹೆದ್ದಾರಿಯನ್ನು ತೊರೆದು ಕೊರಟಗೆರೆಯತ್ತ ತಿರುಗುವ ಬೈಕುಗಳ ಸಾಲು ಈಗ ಹೊಸ ನೋಟವೇನಲ್ಲ. ಸಿದ್ಧರಬೆಟ್ಟ, ಗೊರವನಹಳ್ಳಿಯ ಮಹಾಲಕ್ಷ್ಮಿ ದೇಗುಲ, ಚನ್ನರಾಯನದುರ್ಗ, ಅಲ್ಲಿಂದ ಮುಂದೆ ಮಧುಗಿರಿಯ ಏಕಶಿಲಾ ಬೆಟ್ಟ, ಮೈದನಹಳ್ಳಿಯ ಕೃಷ್ಣಮೃಗಗಳ ಬಯಲು. ಇನ್ನೂ ಹುರುಪು ಉಳಿದವರಿಗೆ ಪಾವಗಡದ ಕೋಟೆ ಮತ್ತು ತಿರುಮಣಿಯ ಸೌರ ವಿದ್ಯುತ್ ಪಾರ್ಕ್. ಸಂಜೆ ಮನೆಗೆ ಮರಳಿದ ಸವಾರ ಟ್ಯಾಂಕಿನ ಮೇಲಿನ ಧೂಳನ್ನು ಅಕ್ಕರೆಯಿಂದ ಒರೆಸುತ್ತಾನೆ, ಚೈನಿಗೆ ಎಣ್ಣೆ ಬಿಡುತ್ತಾನೆ, ಕನ್ನಡಿ ತಿಕ್ಕುತ್ತಾನೆ. ಅದೇ ಧೂಳನ್ನು ದಿನವಿಡೀ ಎಂಜಿನ್ನಿನ ಬಾಗಿಲಲ್ಲಿ ನಿಂತು ತಡೆದ ಏರ್ ಫಿಲ್ಟರ್ ಮಾತ್ರ ನೆನಪಾಗುವುದು ಬೈಕು ಏರುದಾರಿಯಲ್ಲಿ ಏದುಸಿರು ಬಿಡತೊಡಗಿದಾಗಲೇ.

ಏರ್ ಫಿಲ್ಟರ್ ಬದಲಾವಣೆಗೆ ಗ್ಯಾರೇಜೇ ಆಗಬೇಕೆಂದಿಲ್ಲ. ಬಹುತೇಕ ಬೈಕುಗಳಲ್ಲಿ ಇದು ಒಂದು ಸ್ಕ್ರೂಡ್ರೈವರ್, ಒಂದೆರಡು ಸ್ಪ್ಯಾನರ್ ಹಾಗೂ ಅರ್ಧ ಗಂಟೆಯ ತಾಳ್ಮೆಯಿಂದ ಮುಗಿಯುವ ಕೆಲಸ. ಆದರೆ ಕೆಲಸ ಸುಲಭವೆಂಬ ಕಾರಣಕ್ಕೇ ಅದನ್ನು ಅಡ್ಡಾದಿಡ್ಡಿ ಮಾಡುವವರೂ ಹೆಚ್ಚು. ಕೊಳೆಯಾದ ಫಿಲ್ಟರ್ ಎಂಜಿನ್ನಿನ ಶಕ್ತಿಯನ್ನಷ್ಟೇ ಕುಗ್ಗಿಸುತ್ತದೆ. ಸರಿಯಾಗಿ ಕೂರದ ಹೊಸ ಫಿಲ್ಟರ್ ಎಂಜಿನ್ನನ್ನೇ ತಿನ್ನುತ್ತದೆ. ಈ ವ್ಯತ್ಯಾಸ ಅರಿಯದೆ ಕೆಲಸಕ್ಕೆ ಕೈಹಾಕಬಾರದು.

ಬೆಣಚುಕಲ್ಲಿನ ಪುಡಿ

ಕೊರಟಗೆರೆ, ಮಧುಗಿರಿ, ಶಿರಾ, ಪಾವಗಡ ತಾಲ್ಲೂಕುಗಳ ಧೂಳಿಗೆ ಒಂದು ವಿಶೇಷವಿದೆ. ರಾಮನಗರದ ಹಳೆಯ ಹೆಸರಾದ ಕ್ಲೋಸ್‌ಪೇಟೆಯಿಂದಲೇ ಹೆಸರು ಪಡೆದ ‘ಕ್ಲೋಸ್‌ಪೇಟ್ ಗ್ರಾನೈಟ್’ ಎಂಬ ಶಿಲಾಪಟ್ಟಿ ದಕ್ಷಿಣೋತ್ತರವಾಗಿ ನೂರಾರು ಕಿ.ಮೀ. ಚಾಚಿಕೊಂಡಿದೆ. ಸುಮಾರು 250 ಕೋಟಿ ವರ್ಷ ಹಳೆಯದಾದ ಈ ಪಟ್ಟಿಯ ಮೇಲೆಯೇ ಸಾವನದುರ್ಗ, ಮಧುಗಿರಿ, ಪಾವಗಡದ ಬೆಟ್ಟಗಳು ನಿಂತಿವೆ. ಗ್ರಾನೈಟ್ ಸವೆದು ಪುಡಿಯಾದಾಗ ಅದರೊಳಗಿನ ಮಿಕ್ಕ ಖನಿಜಗಳು ಕಾಲಕ್ರಮೇಣ ಜೇಡಿಯಾಗುತ್ತವೆ. ಬೆಣಚುಕಲ್ಲು ಮಾತ್ರ ಬೆಣಚುಕಲ್ಲಾಗಿಯೇ ಉಳಿಯುತ್ತದೆ. ಖನಿಜಗಳ ಗಡಸುತನ ಅಳೆಯುವ ಮೋಸ್ ಮಾಪಕದಲ್ಲಿ ಇದರ ಅಂಕ 7. ಸಾಧಾರಣ ಕಬ್ಬಿಣದ್ದು 4ರಿಂದ 5ರ ಒಳಗೆ. ಪಿಸ್ಟನ್ ತಯಾರಾಗುವ ಅಲ್ಯೂಮಿನಿಯಂ ಇನ್ನೂ ಮೆದು.

ಪಿಸ್ಟನ್ ರಿಂಗು ಹಾಗೂ ಸಿಲಿಂಡರ್ ಗೋಡೆಯ ನಡುವೆ ಇರುವ ಆಯಿಲ್ ಪದರದ ದಪ್ಪ ಕೆಲವೇ ಮೈಕ್ರಾನ್. ಮನುಷ್ಯನ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪವಿರುತ್ತದೆ ಎಂದರೆ ಅದರ ತೆಳುವು ಊಹೆಗೆ ಸಿಕ್ಕೀತು. ಕಣ್ಣಿಗೆ ಕಾಣುವ ಮರಳ ಕಣವನ್ನು ಯಾವ ಫಿಲ್ಟರ್ ಆದರೂ ತಡೆದೀತು. ಅಪಾಯವಿರುವುದು ಕಣ್ಣಿಗೆ ಕಾಣದ, ಆಯಿಲ್ ಪದರಕ್ಕಿಂತ ತುಸುವೇ ದಪ್ಪನಾದ ಕಣಗಳಲ್ಲಿ. ಇವು ಪದರದೊಳಗೆ ಸೇರಿಕೊಂಡು ಎರಡೂ ಬದಿಯನ್ನು ಉಜ್ಜುಕಾಗದದಂತೆ ತೇಯುತ್ತವೆ. ಕೆಲವು ಸಾವಿರ ಕಿ.ಮೀ. ಕಳೆಯುವಷ್ಟರಲ್ಲಿ ಕಂಪ್ರೆಷನ್ ಇಳಿಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ, ಆಯಿಲ್ ಮಟ್ಟ ತಾನಾಗಿಯೇ ತಗ್ಗುತ್ತದೆ. ಆಮೇಲೆ ‘ಬೋರ್ ಮಾಡಿಸಬೇಕು’ ಎಂಬ ಮೆಕ್ಯಾನಿಕ್‌ನ ತೀರ್ಪು. ಕೆಲವು ನೂರು ರೂಪಾಯಿಯ ಫಿಲ್ಟರ್ ಎಲ್ಲಿ, ಸಾವಿರಾರು ರೂಪಾಯಿಯ ಬೋರ್, ಪಿಸ್ಟನ್, ರಿಂಗುಗಳ ಕೆಲಸ ಎಲ್ಲಿ!

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ತಯಾರಾದ ಯೆಜ್ಡಿಗಳನ್ನು ಪ್ರೀತಿಯಿಂದ ಕಾಪಾಡಿಕೊಂಡು ಬಂದವರು ರಾಜ್ಯದಲ್ಲಿ ಅನೇಕರಿದ್ದಾರೆ. ಅಂಥ ಟೂ ಸ್ಟ್ರೋಕ್ ಗಾಡಿಗಳ ಮಾಲೀಕರು ಈ ವಿಷಯದಲ್ಲಿ ಇನ್ನಷ್ಟು ಎಚ್ಚರ ವಹಿಸಬೇಕು. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಗಾಳಿ ನೇರವಾಗಿ ಸಿಲಿಂಡರಿಗೆ ಹೋಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಗಾಳಿ ಮತ್ತು ಪೆಟ್ರೋಲಿನ ಮಿಶ್ರಣ ಮೊದಲು ಕ್ರ್ಯಾಂಕ್ ಕೇಸನ್ನು ಹಾದು ಆನಂತರ ಮೇಲೇರುತ್ತದೆ. ಆದ್ದರಿಂದ ಧೂಳಿನ ಮೊದಲ ಪೆಟ್ಟು ಬೀಳುವುದು ಕ್ರ್ಯಾಂಕಿನ ಬೇರಿಂಗುಗಳಿಗೆ.

ಎಷ್ಟು ಗಾಳಿ?

ಒಂದು ಕಿಲೋ ಪೆಟ್ರೋಲ್ ಪೂರ್ಣವಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಎಥನಾಲ್ ಬೆರೆತ ಪೆಟ್ರೋಲಿಗೆ ಇದು ತುಸು ಕಡಿಮೆ. ಲೀಟರಿನ ಲೆಕ್ಕಕ್ಕೆ ತಂದರೆ, ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚೂಕಡಿಮೆ 9 ಸಾವಿರ ಲೀಟರ್ ಗಾಳಿ. ಬೆಂಗಳೂರಿನಿಂದ ಕೊರಟಗೆರೆಯ ಮೇಲೆ ಮಧುಗಿರಿಗೆ ಹೋಗಿಬರಲು 200 ಕಿ.ಮೀ.ಗೂ ಮಿಕ್ಕ ದಾರಿ. ಲೀಟರಿಗೆ 35 ಕಿ.ಮೀ. ಕೊಡುವ ಬೈಕು ಸುಮಾರು 6 ಲೀಟರ್ ಪೆಟ್ರೋಲ್ ಕುಡಿದು, 50 ಸಾವಿರ ಲೀಟರಿಗೂ ಹೆಚ್ಚು ಗಾಳಿಯನ್ನು ಸೆಳೆದುಕೊಂಡಿರುತ್ತದೆ. ಅಷ್ಟೂ ಗಾಳಿ ಅಂಗೈಯಗಲದ ಒಂದು ಕಾಗದದ ಮಡಿಕೆಯ ಮೂಲಕವೇ ಹಾಯಬೇಕು. ಮುಂದೆ ಜಲ್ಲಿ ಹೇರಿದ ಲಾರಿಯೊಂದು ಸಾಗುತ್ತಿದ್ದರೆ ಆ ಗಾಳಿಯ ಗುಣ ಹೇಗಿದ್ದೀತೆಂದು ಹೇಳಬೇಕಿಲ್ಲ.

ಫಿಲ್ಟರ್ ಕಟ್ಟಿಕೊಂಡಾಗ ಆಗುವುದೇನು ಎಂಬುದು ಬೈಕಿನ ಕಾಲಮಾನವನ್ನು ಅವಲಂಬಿಸಿದೆ. ಕಾರ್ಬ್ಯುರೇಟರ್ ಇರುವ ಹಳೆಯ ಗಾಡಿಗಳಲ್ಲಿ ಗಾಳಿ ಕಡಿಮೆಯಾದರೆ ಪೆಟ್ರೋಲಿನ ಪಾಲು ಹೆಚ್ಚುತ್ತದೆ; ಕಪ್ಪು ಹೊಗೆ, ಮಸಿ ಹಿಡಿದ ಸ್ಪಾರ್ಕ್ ಪ್ಲಗ್, ಕುಸಿದ ಮೈಲೇಜ್ ಇದರ ಲಕ್ಷಣಗಳು. 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಗೆ ಬಂದ ಮೇಲೆ ಮಾರಾಟವಾದ ಬಹುಪಾಲು ಬೈಕುಗಳಲ್ಲಿರುವುದು ಫ್ಯೂಯೆಲ್ ಇಂಜೆಕ್ಷನ್. ಇಲ್ಲಿ ಸೆನ್ಸರುಗಳು ಗಾಳಿಗೆ ತಕ್ಕಂತೆ ಪೆಟ್ರೋಲನ್ನು ತಗ್ಗಿಸುವುದರಿಂದ ಹೊಗೆಯೂ ಕಾಣದು, ಮೈಲೇಜೂ ಅಷ್ಟಾಗಿ ಇಳಿಯದು. ಶಕ್ತಿ ಮಾತ್ರ ಸದ್ದಿಲ್ಲದೆ ಸೋರಿಹೋಗುತ್ತದೆ. ಲಾರಿಯನ್ನು ಹಿಂದಿಕ್ಕಲು ಥ್ರಾಟಲ್ ತಿರುಗಿಸಿದಾಗ ಬೈಕು ನಿರೀಕ್ಷಿಸಿದಷ್ಟು ಮುನ್ನುಗ್ಗದಿದ್ದರೆ ಅದು ಬರೀ ಬೇಸರದ ಸಂಗತಿಯಲ್ಲ, ಎದುರಿನಿಂದ ಬಸ್ಸು ಬರುತ್ತಿರುವಾಗ ಪ್ರಾಣದ ಸಂಗತಿ. ಹೀಗಾಗಿ ಹೊಸ ಬೈಕಿನವರು ಲಕ್ಷಣ ಕಾಣಲೆಂದು ಕಾಯದೆ ಓಡೋಮೀಟರ್ ನೋಡಿಯೇ ಫಿಲ್ಟರ್ ಬದಲಿಸುವುದು ಒಳಿತು.

ಫಿಲ್ಟರುಗಳಲ್ಲಿ ನಾಲ್ಕು ಬಗೆ

ಒಣ ಕಾಗದದ್ದು, ಎಣ್ಣೆ ಲೇಪಿತ ಕಾಗದದ್ದು, ಫೋಮಿನದು, ಹತ್ತಿಬಟ್ಟೆಯದು ಎಂದು ಫಿಲ್ಟರುಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ. ತನ್ನ ಬೈಕಿನಲ್ಲಿರುವುದು ಯಾವುದೆಂದು ತಿಳಿಯದೆ ತೊಳೆಯಲು ಹೊರಡುವುದೇ ಮನೆಗೆಲಸದಲ್ಲಿ ಆಗುವ ಮೊದಲ ತಪ್ಪು.

ಒಣ ಕಾಗದದ ಫಿಲ್ಟರನ್ನು ಮೆಲ್ಲಗೆ ತಟ್ಟಿ ಧೂಳು ಉದುರಿಸಿ ಕೆಲಕಾಲ ಮುಂದುವರಿಸಬಹುದು, ತೊಳೆಯುವಂತಿಲ್ಲ. ಎಣ್ಣೆ ಲೇಪಿತ ಕಾಗದ ಮುಟ್ಟಿದರೆ ತುಸು ಅಂಟಂಟಾಗಿರುತ್ತದೆ. ಇದನ್ನು ತಟ್ಟಿದರೂ ಊದಿದರೂ ಫಲವಿಲ್ಲ. ಧೂಳು ಎಣ್ಣೆಗೆ ಅಂಟಿಕೊಂಡಿರುತ್ತದೆ. ಬಲವಂತವಾಗಿ ಊದಿದರೆ ಎಣ್ಣೆಯೂ ಹೋಗಿ ಫಿಲ್ಟರ್ ನಿಷ್ಪ್ರಯೋಜಕವಾಗುತ್ತದೆ. ನಿಗದಿತ ಅವಧಿಗೆ ಬದಲಿಸುವುದೊಂದೇ ದಾರಿ. ಫೋಮ್ ಫಿಲ್ಟರನ್ನು ಸೋಪಿನ ನೀರಿನಲ್ಲಿ ತೊಳೆದು, ಬಟ್ಟೆಯಂತೆ ಹಿಂಡದೆ ಅಂಗೈಗಳ ನಡುವೆ ಒತ್ತಿ ನೀರು ತೆಗೆದು, ನೆರಳಲ್ಲಿ ಪೂರ್ತಿ ಒಣಗಿಸಿ, ಕೈಪಿಡಿ ಹೇಳಿದ ಎಣ್ಣೆಯನ್ನು ಸವರಿ ಮತ್ತೆ ಬಳಸಬಹುದು. ಪೆಟ್ರೋಲಿನಲ್ಲಿ ಅದ್ದಿ ತೊಳೆಯುವ ಹಳೆಯ ರೂಢಿಯನ್ನು ಬಿಡಲೇಬೇಕು. ಅದು ಫೋಮಿನ ಅಂಟುಗಳನ್ನು ಸಡಿಲಿಸುತ್ತದೆ. ಮನೆಯ ಪಡಸಾಲೆಯಲ್ಲಿ ಬೆಂಕಿಯ ಭಯ ಬೇರೆ. ಹತ್ತಿಬಟ್ಟೆಯ ಫಿಲ್ಟರುಗಳನ್ನೂ ತೊಳೆದು ಎಣ್ಣೆ ಹಾಕಬಹುದು. ಬೆಲೆ ಹೆಚ್ಚು, ಗಾಳಿ ಸರಾಗವಾಗಿ ಹಾಯುತ್ತದೆ ಎಂಬ ಹೆಗ್ಗಳಿಕೆಯೂ ಉಂಟು. ಆದರೆ ಎಣ್ಣೆ ಕಡಿಮೆಯಾದರೆ ಸಣ್ಣ ಧೂಳು ನುಸುಳುತ್ತದೆ. ಪಾವಗಡದ ಬಯಲಿಗೆ ಕಾಗದವೇ ಲೇಸು.

ಫಿಲ್ಟರನ್ನೇ ಕಿತ್ತುಹಾಕಿದರೆ ‘ಪಿಕಪ್’ ಹೆಚ್ಚುತ್ತದೆ, ಸದ್ದು ಗಂಭೀರವಾಗುತ್ತದೆ ಎಂಬ ನಂಬಿಕೆಯೂ ಯುವಕರಲ್ಲಿದೆ. ಸದ್ದಿನ ಮಟ್ಟಿಗೆ ಅದು ನಿಜ!

ಯಾವಾಗ ಬದಲಿಸಬೇಕು?

ಸಾಮಾನ್ಯವಾಗಿ 10 ಸಾವಿರದಿಂದ 20 ಸಾವಿರ ಕಿ.ಮೀ. ನಡುವೆ ಬದಲಿಸಲು ಕಂಪನಿಗಳ ಕೈಪಿಡಿಗಳು ಸೂಚಿಸುತ್ತವೆ. ಜೊತೆಯಲ್ಲೇ ‘ಧೂಳಿನ ಪ್ರದೇಶದಲ್ಲಿ ಇನ್ನೂ ಬೇಗ’ ಎಂಬ ಸಾಲೂ ಇರುತ್ತದೆ. ಒಳ್ಳೆಯ ಡಾಂಬರು ರಸ್ತೆಯಲ್ಲೇ ಮಧುಗಿರಿಗೆ ಹೋಗಿಬರುವವನಿಗೆ ಆ ಸಾಲು ಅಷ್ಟಾಗಿ ಅನ್ವಯಿಸದು. ಗುಂಪಿನಲ್ಲಿ ಒಬ್ಬರ ಹಿಂದೊಬ್ಬರಾಗಿ ಮಣ್ಣುದಾರಿಯಲ್ಲಿ ಸಾಗುವವರಿಗೆ ಖಂಡಿತ ಅನ್ವಯಿಸುತ್ತದೆ. ಅದರಲ್ಲೂ ಸಾಲಿನ ಕೊನೆಯ ಬೈಕಿಗೆ ಮುಂದಿನವರೆಲ್ಲರ ಧೂಳಿನ ಪ್ರಸಾದ.

ಹಾಗೆಂದು ವಾರಕ್ಕೊಮ್ಮೆ ಪೆಟ್ಟಿಗೆ ಬಿಚ್ಚಿ ನೋಡುವುದೂ ಸಲ್ಲದು. ಕಾಗದದ ಫಿಲ್ಟರ್ ತುಸು ಕೊಳೆಯಾದ ಮೇಲೆಯೇ ಹೆಚ್ಚು ಚೆನ್ನಾಗಿ ಸೋಸುತ್ತದೆ. ಹಿಡಿದಿಟ್ಟ ಧೂಳಿನ ತೆಳು ಪದರವೇ ಇನ್ನೊಂದು ಜರಡಿಯಾಗುತ್ತದೆ. ಪ್ರತಿಸಲ ಬಿಚ್ಚಿದಾಗಲೂ ಅಂಚಿನ ಧೂಳು ಒಳಕ್ಕೆ ಉದುರುವ ಅವಕಾಶ ಇದ್ದೇ ಇರುತ್ತದೆ. ಕಾಳಜಿ ಮಿತಿಮೀರಿ ಎಂಜಿನ್ ಕೆಡಿಸಿಕೊಂಡವರಿಗೇನೂ ಕೊರತೆಯಿಲ್ಲ.

ಕೊಳ್ಳುವ ಮುನ್ನ

ಪಾರ್ಟ್ ನಂಬರ್ ಬರೆದುಕೊಂಡು ಹೋಗಿ ಅಧಿಕೃತ ಮಾರಾಟಗಾರರಲ್ಲಿ ಅಥವಾ ನಂಬಿಕಸ್ಥ ಸ್ಪೇರ್ಸ್ ಅಂಗಡಿಯಲ್ಲಿ ಕೊಳ್ಳಬೇಕು. ಒಂದೇ ಹೆಸರಿನ ಬೈಕಿಗೆ ಬಿಎಸ್-4 ಮತ್ತು ಬಿಎಸ್-6 ಮಾದರಿಗಳಲ್ಲಿ ಬೇರೆ ಬೇರೆ ಫಿಲ್ಟರ್ ಇರುವುದುಂಟು. ನಕಲಿ ಫಿಲ್ಟರಿನ ಕಾಗದ ಕಣ್ಣಿಗೆ ಚೆನ್ನಾಗಿಯೇ ಕಾಣುತ್ತದೆ. ಮೋಸ ಬಯಲಾಗುವುದು ಅಂಚಿನ ರಬ್ಬರಿನಲ್ಲಿ. ಅದು ಗಟ್ಟಿಯಾಗಿ, ಅಂಕುಡೊಂಕಾಗಿ, ಕಾಗದಕ್ಕೆ ಅಲ್ಲಲ್ಲಿ ಅಂಟದೆ ಇದ್ದರೆ ಕೊಳ್ಳಬಾರದು. ಹೊಸ ಫಿಲ್ಟರನ್ನು ಟಾರ್ಚಿನ ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದಾಗ ಬೆಳಕು ಸಮನಾಗಿ ಮಂಕಾಗಿರಬೇಕು. ಸೂಜಿಮೊನೆಯಷ್ಟು ಪ್ರಖರ ಚುಕ್ಕೆ ಕಂಡರೂ ಅಂಗಡಿಗೆ ಮರಳಿಸಬೇಕು.

ಫಿಲ್ಟರ್ ಇರುವ ಜಾಗವನ್ನೂ ಮೊದಲೇ ತಿಳಿದಿರಬೇಕು. ಬಹಳಷ್ಟು ಬೈಕುಗಳಲ್ಲಿ ಅದು ಪಕ್ಕದ ಪ್ಯಾನೆಲ್ಲಿನ ಹಿಂದೆ ಅಥವಾ ಸೀಟಿನ ಕೆಳಗೆ ಇರುತ್ತದೆ. ಸುಜುಕಿ ವಿ-ಸ್ಟ್ರೋಮ್ 650ರಂತಹ ದೊಡ್ಡ ಪ್ರವಾಸಿ ಬೈಕುಗಳಲ್ಲಿ ಪೆಟ್ರೋಲ್ ಟ್ಯಾಂಕನ್ನು ಎತ್ತಿದರೆ ಮಾತ್ರ ಸಿಗುತ್ತದೆ. ಇಂಜೆಕ್ಷನ್ ಬೈಕಿನ ಪೆಟ್ರೋಲ್ ಪೈಪಿನಲ್ಲಿ ಒತ್ತಡವಿರುವುದರಿಂದ, ಟ್ಯಾಂಕ್ ಬಿಚ್ಚಿ ಅಭ್ಯಾಸವಿಲ್ಲದವರು ಈ ಬಗೆಯ ಗಾಡಿಯನ್ನು ವರ್ಕ್‌ಶಾಪಿಗೆ ಒಯ್ಯುವುದೇ ಕ್ಷೇಮ.

ಕೆಲಸದ ಕ್ರಮ

ಎಂಜಿನ್ ತಣ್ಣಗಾಗಿರಬೇಕು, ಕೀಲಿ ತೆಗೆದಿರಬೇಕು. ಗಾಳಿ ಬೀಸದ, ನೆರಳಿರುವ ಜಾಗದಲ್ಲಿ ಬೈಕನ್ನು ನಿಲ್ಲಿಸಿ, ಬಿಚ್ಚಲಿರುವ ಪ್ಯಾನೆಲ್ಲಿನ ಸುತ್ತಮುತ್ತ ಒದ್ದೆ ಬಟ್ಟೆಯಿಂದ ಒರೆಸಬೇಕು. ಇಲ್ಲವಾದರೆ ಹೊರಗಿನ ಮಣ್ಣೇ ಒಳಗೆ ಬೀಳುತ್ತದೆ. ಪ್ಯಾನೆಲ್ಲುಗಳು ಕೆಲವು ಗಾಡಿಗಳಲ್ಲಿ ಕೀಲಿಯಿಂದ, ಕೆಲವುಗಳಲ್ಲಿ ಸ್ಕ್ರೂ ಬಿಚ್ಚಿದರೆ ಬರುತ್ತವೆ. ರಬ್ಬರ್ ಬುಷ್‌ಗೆ ಸಿಕ್ಕಿಸಿರುವ ಪ್ಯಾನೆಲ್ಲನ್ನು ತಿರುಚದೆ ನೇರವಾಗಿ ತನ್ನೆಡೆಗೆ ಎಳೆಯಬೇಕು. ತಿರುಚಿದರೆ ಪ್ಲಾಸ್ಟಿಕ್ ಮೊಳೆ ಮುರಿದು, ಫಿಲ್ಟರಿಗಿಂತ ದುಬಾರಿಯಾದ ಪ್ಯಾನೆಲ್ ಕೊಳ್ಳಬೇಕಾದೀತು.

ಫಿಲ್ಟರ್ ಪೆಟ್ಟಿಗೆಯ ಮುಚ್ಚಳಕ್ಕೆ ಹಲವು ಸ್ಕ್ರೂಗಳಿರುತ್ತವೆ. ಎಲ್ಲವೂ ಒಂದೇ ಉದ್ದದವಾಗಿರಬೇಕೆಂದಿಲ್ಲ. ಒಂದು ರಟ್ಟಿನ ಮೇಲೆ ಮುಚ್ಚಳದ ಚಿತ್ರ ಬರೆದು ಆಯಾ ಜಾಗದಲ್ಲಿ ಆಯಾ ಸ್ಕ್ರೂ ಚುಚ್ಚಿಟ್ಟರೆ ಗೊಂದಲವಿರದು. ಮುಚ್ಚಳ ತೆರೆದ ಕೂಡಲೇ ಹಳೆಯ ಫಿಲ್ಟರ್ ಕುಳಿತಿರುವ ಭಂಗಿಯ ಚಿತ್ರವನ್ನು ಮೊಬೈಲಿನಲ್ಲಿ ತೆಗೆದುಕೊಳ್ಳಬೇಕು. ಮೇಲೆ ಕೆಳಗೆ, ಒಳಗೆ ಹೊರಗೆ ಎಂಬ ಅನುಮಾನ ಆಮೇಲೆ ಖಂಡಿತ ಬರುತ್ತದೆ. ಸೆನ್ಸರಿನ ವೈರು ಮುಚ್ಚಳಕ್ಕೆ ಜೋಡಿಸಿದ್ದರೆ ಅದರ ಕೊಂಡಿಯನ್ನು ಒತ್ತಿ ಬಿಡಿಸಬೇಕು. ವೈರು ಬಿಟ್ಟಿರುವಾಗ ಕೀಲಿ ಆನ್ ಮಾಡಿದರೆ ಮೀಟರಿನಲ್ಲಿ ಎಂಜಿನ್ ದೀಪ ಹೊತ್ತಿಕೊಂಡು ಸುಮ್ಮನೆ ಗಾಬರಿ ಹುಟ್ಟಿಸೀತು.

ಹಳೆಯ ಫಿಲ್ಟರನ್ನು ಜಗ್ಗದೆ, ಅಲುಗಾಡಿಸದೆ, ಧೂಳಿನ ಮುಖ ಹೊರಗಿರುವಂತೆ ಮೆಲ್ಲಗೆ ತೆಗೆಯಬೇಕು. ತಕ್ಷಣ ಎಂಜಿನ್ನಿನ ಕಡೆಯ ಬಾಯಿಗೆ ಎಳೆ ಬಿಡದ ಶುಭ್ರ ಬಟ್ಟೆಯನ್ನು ತುರುಕಬೇಕು. ಗ್ಯಾರೇಜುಗಳಲ್ಲಿ ಬಳಸುವ ಕಾಟನ್ ವೇಸ್ಟ್ ಇಲ್ಲಿ ಕೂಡದು, ಅದರ ನೂಲುಗಳು ಒಳಗೆ ಉಳಿಯುತ್ತವೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದ, ಬಹುತೇಕರು ಬಿಟ್ಟೇಬಿಡುವ ಪರೀಕ್ಷೆ. ಫಿಲ್ಟರಿಗೆ ಎರಡು ಬದಿ: ಹೊರಗಾಳಿ ಬರುವ ಕೊಳೆ ಬದಿ ಮತ್ತು ಸೋಸಿದ ಗಾಳಿ ಎಂಜಿನ್ನಿಗೆ ಹೋಗುವ ಶುದ್ಧ ಬದಿ. ಕೊಳೆ ಬದಿಯಲ್ಲಿ ಮಣ್ಣು, ಒಣಗಿದ ಎಲೆ, ಕೆಲವೊಮ್ಮೆ ಕಣಜದ ಗೂಡು, ಬಹುಕಾಲ ನಿಂತ ಗಾಡಿಯಾದರೆ ಇಲಿಯ ಸಂಸಾರವೂ ಇರಬಹುದು, ಅದು ಸಹಜ. ಶುದ್ಧ ಬದಿಯನ್ನು ಬಿಳಿ ಪಂಚೆಯ ತುಂಡಿನಿಂದ ಒರೆಸಿ ನೋಡಬೇಕು. ಬಟ್ಟೆ ಬಿಳಿಯಾಗಿಯೇ ಉಳಿದರೆ ಹಳೆಯ ಫಿಲ್ಟರ್ ತನ್ನ ಕೆಲಸ ಮಾಡಿದೆ. ತೆಳುವಾದ ಆಯಿಲ್ ಕಲೆ ಕಂಡರೂ ಚಿಂತೆಯಿಲ್ಲ, ಅದು ಎಂಜಿನ್ನಿನ ಉಸಿರುಗೊಳವೆಯಿಂದ ಬಂದದ್ದು. ಆದರೆ ಕೆಂಪು ಅಥವಾ ಬೂದು ಬಣ್ಣದ ನುಣ್ಣನೆ ಪುಡಿ ಹತ್ತಿದರೆ ಧೂಳು ಎಲ್ಲಿಂದಲೋ ನುಗ್ಗಿದೆ ಎಂದೇ ಅರ್ಥ. ರಬ್ಬರ್ ಅಂಚು ಸರಿಯಾಗಿ ಕೂತಿಲ್ಲವೇ, ಪೆಟ್ಟಿಗೆ ಸೀಳಿದೆಯೇ, ಥ್ರಾಟಲ್ ಬಾಡಿಗೆ ಹೋಗುವ ರಬ್ಬರ್ ಕೊಳವೆ ಬಿರುಕು ಬಿಟ್ಟಿದೆಯೇ, ಅದರ ಕ್ಲಿಪ್ ಸಡಿಲವಾಗಿದೆಯೇ ಎಂದು ಹುಡುಕದೆ ಹೊಸ ಫಿಲ್ಟರ್ ಹಾಕಿ ಮುಚ್ಚುವುದು ಕೊಡದ ತೂತು ಹಾಗೇ ಬಿಟ್ಟು ನೀರು ತುಂಬಿದಂತೆ.

ಪೆಟ್ಟಿಗೆಯ ಒಳಗನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು, ಊದಬಾರದು. ಕೆಳಗೆ ತೂಗುವ ಡ್ರೈನ್ ಟ್ಯೂಬಿನ ಮುಚ್ಚಳ ಬಿಚ್ಚಿ, ಸೇರಿಕೊಂಡಿರುವ ನೀರು ಮತ್ತು ಆಯಿಲ್ ಹೊರಹಾಕಿ, ಮರೆಯದೆ ಮತ್ತೆ ಮುಚ್ಚಬೇಕು. ಹೊಸ ಫಿಲ್ಟರನ್ನು ಹಳೆಯದರ ಪಕ್ಕ ಇಟ್ಟು ಅಗಲ, ಎತ್ತರ, ಅಂಚು ಹೋಲಿಸಿದ ನಂತರ, ಬಾಯಿಗೆ ತುರುಕಿದ್ದ ಬಟ್ಟೆಯನ್ನು ತೆಗೆದು (ಇದನ್ನು ಮರೆತು ‘ಬೈಕು ಸ್ಟಾರ್ಟ್ ಆಗುತ್ತಿಲ್ಲ’ ಎಂದು ಮೆಕ್ಯಾನಿಕ್‌ಗೆ ಫೋನ್ ಮಾಡುವವರಿದ್ದಾರೆ) ಫಿಲ್ಟರನ್ನು ಕೂರಿಸಬೇಕು. ಬೆರಳಿನಿಂದ ಸುತ್ತಲೂ ಸವರಿದರೆ ರಬ್ಬರ್ ಎಲ್ಲಿಯೂ ಮಡಚಿಕೊಂಡಿಲ್ಲವೆಂದು ತಿಳಿಯುತ್ತದೆ.

ಸ್ಕ್ರೂಗಳು ಕಚ್ಚುವುದು ಪ್ಲಾಸ್ಟಿಕ್ಕಿಗೆ. ಮೊದಲು ಹಿಮ್ಮುಖವಾಗಿ ತಿರುಗಿಸಿ, ಹಳೆಯ ಮರೆಗೆ ‘ಟಕ್’ ಎಂದು ಬಿದ್ದ ಮೇಲೆ ಮುಂದಕ್ಕೆ ತಿರುಗಿಸಬೇಕು. ಎದುರುಬದುರಾಗಿ ಒಂದೊಂದನ್ನೇ ಬಿಗಿಸಿ, ಹಿಡಿತ ಸಿಕ್ಕ ಕೂಡಲೇ ನಿಲ್ಲಿಸಬೇಕು. ಮರೆ ಹೋದ ಸ್ಕ್ರೂ ಇರುವಲ್ಲಿ ಮುಚ್ಚಳ ಎದ್ದುನಿಂತು ಅಲ್ಲಿಂದಲೇ ಧೂಳಿಗೆ ಹೆದ್ದಾರಿಯಾಗುತ್ತದೆ. ಪ್ಯಾನೆಲ್ ಹಾಕುವ ಮುನ್ನ ಎಂಜಿನ್ ಚಾಲೂ ಮಾಡಿ, ಪೆಟ್ಟಿಗೆಯ ಸಂದುಗಳಲ್ಲಿ ‘ಸುಯ್’ ಎಂಬ ಸೆಳೆತದ ಸದ್ದು ಕೇಳದಿದ್ದರೆ ಕೆಲಸ ಮುಗಿಯಿತು. ಬದಲಿಸಿದ ದಿನಾಂಕ ಮತ್ತು ಓಡೋಮೀಟರ್ ಅಂಕಿಯನ್ನು ಮುಚ್ಚಳದ ಒಳಮೈಯಲ್ಲಿ ಮಾರ್ಕರ್ ಪೆನ್ನಿನಿಂದ ಬರೆದಿಟ್ಟರೆ ಮುಂದಿನ ಸಲ ನೆನಪಿಗಾಗಿ ತಡಕಾಡಬೇಕಿಲ್ಲ.

ಕಂಪ್ರೆಸರ್ ಗಾಳಿಯ ತಂಟೆ

ಸರ್ವಿಸ್ ಸ್ಟೇಷನ್ನುಗಳಲ್ಲಿ ಹಳೆಯ ಫಿಲ್ಟರಿಗೆ ಕಂಪ್ರೆಸರ್ ಪೈಪ್ ಹಿಡಿದು ‘ಕ್ಲೀನ್ ಆಯ್ತು’ ಎನ್ನುವ ದೃಶ್ಯ ಸಾಮಾನ್ಯ. ಒತ್ತಡದ ಗಾಳಿ ಕಾಗದದ ನಾರುಗಳನ್ನು ಸೀಳಿ ಕಣ್ಣಿಗೆ ಕಾಣದ ರಂಧ್ರ ಮಾಡುತ್ತದೆ. ಹೊರಬದಿಯಿಂದ ಊದಿದರಂತೂ ಧೂಳು ಶುದ್ಧ ಬದಿಗೇ ದಾಟುತ್ತದೆ. ಅನಿವಾರ್ಯವಾದರೆ ಒಣ ಕಾಗದದ ಫಿಲ್ಟರಿಗೆ ಮಾತ್ರ, ಒಳಬದಿಯಿಂದ ಹೊರಕ್ಕೆ, ದೂರದಿಂದ, ಕಡಿಮೆ ಒತ್ತಡದಲ್ಲಿ ಊದಬೇಕು.

ಇಲ್ಲಿ ಬೈಕಿಗಿಂತ ದೊಡ್ಡ ವಿಷಯ ಇನ್ನೊಂದಿದೆ. ಕಲ್ಲು ಕ್ವಾರಿಗಳ ಕಾರ್ಮಿಕರ ಶ್ವಾಸಕೋಶವನ್ನು ಗಡುಸಾಗಿಸುವ, ಮದ್ದಿಲ್ಲದ ಸಿಲಿಕೋಸಿಸ್ ಕಾಯಿಲೆಗೆ ಕಾರಣ ಇದೇ ಬೆಣಚುಕಲ್ಲಿನ ಸೂಕ್ಷ್ಮ ಧೂಳು. ಫಿಲ್ಟರಿನಲ್ಲಿ ಸಿಕ್ಕಿಕೊಂಡಿರುವುದೂ ಅದೇ. ಒಮ್ಮೆ ಮನೆಯಲ್ಲಿ ಬದಲಿಸುವವನಿಗೆ ಅಪಾಯ ಅಲ್ಪ. ಮುಖಕ್ಕೆ ಮಾಸ್ಕ್ ಧರಿಸಿ, ಹಳೆಯ ಫಿಲ್ಟರನ್ನು ಅಂಗಳದಾಚೆ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ ಒಣಕಸಕ್ಕೆ ಕೊಟ್ಟರೆ ಸಾಕು. ದಿನಕ್ಕೆ ಹತ್ತಾರು ಫಿಲ್ಟರುಗಳನ್ನು ಬರಿ ಮುಖದಲ್ಲೇ ಊದುವ ಗ್ಯಾರೇಜಿನ ಹುಡುಗನ ಪಾಡು ಬೇರೆ. ‘ಊದಬೇಡ, ಹೊಸದನ್ನೇ ಹಾಕು’ ಎಂದು ಗಿರಾಕಿ ಹೇಳಿದರೆ ಎಂಜಿನ್ನಿಗೂ ಆ ಹುಡುಗನಿಗೂ ಒಳ್ಳೆಯದು.

ವಾರಂಟಿ ಇರುವ ಬೈಕಿನ ಮಾಲೀಕರು ನಿಗದಿತ ಸರ್ವಿಸ್‌ಗಳನ್ನು ಅಧಿಕೃತ ಕೇಂದ್ರದಲ್ಲೇ ಮಾಡಿಸಿ, ನಡುವಿನ ಅವಧಿಯಲ್ಲಿ ಮನೆಯಲ್ಲಿ ಬದಲಿಸಿದ ಫಿಲ್ಟರಿನ ಬಿಲ್ಲನ್ನು ಜೋಪಾನವಾಗಿಡಬೇಕು. ಮಳೆಗಾಲದಲ್ಲಿ ಹಳ್ಳ ದಾಟುವಾಗ ಸೀಟಿನ ಮಟ್ಟಕ್ಕೆ ನೀರು ಚಿಮ್ಮಿದ್ದರೆ ಕಿ.ಮೀ. ಲೆಕ್ಕ ನೋಡದೆ ಪೆಟ್ಟಿಗೆ ತೆರೆಯಬೇಕು. ಒದ್ದೆಯಾದ ಕಾಗದದ ಫಿಲ್ಟರ್ ಒಣಗಿದ ಮೇಲೂ ಮೊದಲಿನ ಆಕಾರಕ್ಕೆ ಮರಳದು. ಲಡಾಖ್, ರಾಜಸ್ಥಾನದಂತಹ ದೂರದ ಪ್ರವಾಸಕ್ಕೆ ಹೊರಡುವವರು ಗಾಳಿಯಾಡದ ಚೀಲದಲ್ಲಿ ಒಂದು ಹೆಚ್ಚುವರಿ ಫಿಲ್ಟರನ್ನೂ, ಮುಚ್ಚಳದ ಸ್ಕ್ರೂಗೆ ಹೊಂದುವ ಸ್ಕ್ರೂಡ್ರೈವರನ್ನೂ ಬ್ಯಾಗಿನ ತಳದಲ್ಲಿ ಇಟ್ಟುಕೊಂಡಿರಬೇಕು. ಬೈಕಿನ ಜೊತೆಗೆ ಬರುವ ಉಪಕರಣಗಳಲ್ಲಿ ಆ ಅಳತೆಯದು ಇರುತ್ತದೆಂಬ ಖಾತ್ರಿಯಿಲ್ಲ. ಹೊರಡುವ ಹಿಂದಿನ ವಾರ ಮನೆಯಂಗಳದಲ್ಲೇ ಒಮ್ಮೆ ಬಿಚ್ಚಿ ಹಾಕಿ ನೋಡಿದರೆ ಅದು ತಿಳಿದುಹೋಗುತ್ತದೆ.